ಕಚೇರಿಯೂ ಕೇರಿಯೂ: ಒಂದು ಆಕ್ಷೇಪಕ್ಕೆ ಉತ್ತರ

ಕಳೆದ ತಿಂಗಳು ನಮ್ಮ ಸಂಘದ ವಾಚನಾಲಯದಲ್ಲಿ ನಾಲ್ಕಾರು ಮಂದಿ ಕಲೆತಿದ್ದ ಸಮಯದಲ್ಲಿ, ಸಂಗೀತದಲ್ಲಿ ಒಳ್ಳೆಯ ಪರಿಶ್ರಮವುಳ್ಳ ಮಿತ್ರರೊಬ್ಬರು ಜರ್ಮನಿ ದೇಶದ ಬ್ರೇಮೆನ್ ನಗರದ ಒಂದು ವಾದ್ಯವೃಂದವು ನಡೆಸುವ ಕಾರ್ಯಕ್ರಮಗಳ ವಿವರವನ್ನು ನಮಗೆ ಓದಿ ಹೇಳಿದರು. ಗ್ಲೋಕೆ ಎಂಬ ಸಭಾಮಂದಿರದಲ್ಲಿ ಬೇಥೋವನ್, ಶೂಮನ್, ಬ್ರಾಹ್ಮ್ಸ್ ಮೊದಲಾದ ಮಹಾರಚನಕಾರರ ಕೃತಿಗಳ ಕಚೇರಿಗಳು, ಬೇಸಗೆಯಲ್ಲಿ ಒಂದು ಉದ್ಯಾನದಲ್ಲಿ, ಜನರು ಹುಲ್ಲಿನ ಮೇಲೆ ಕುಳಿತು ಕೇಳುವ ಬಯಲು ಕಚೇರಿಗಳು, ಪರದೇಶಗಳ ಸಂಚಾರ, ಇವುಗಳ ನಡುವೆಯೇ, ಶಾಲೆಯ ಮಕ್ಕಳು ತಾವೇ ಕಟ್ಟಿದ ಹಾಡುಗಳನ್ನು ವೃಂದದ ಸಹಕಾರದೊಡನೆ ಹಾಡುವ ಸಂಜೆಗಳು, ಒಂದು ಬಡಾವಣೆಯ ನಿವಾಸಿಗಳೇ ಕೂಡಿ ಆಡುವ ಸಂಗೀತನಾಟಕ. ಓದಿ ಮುಗಿಸಿದ ಮಿತ್ರರು ಕಾಗದವನ್ನು ಮಡಿಸುತ್ತ, “ಇದನ್ನು ವಾದ್ಯವೃಂದವೆನ್ನೋಣವೊ, ಸಂತೆಯೆನ್ನೋಣವೊ? ಗಂಧದ ಕೊರಡನ್ನು ಒಲೆಗಿಟ್ಟು ಊರಿಗೆಲ್ಲ ಬಿಸಿನೀರು ಕಾಯಿಸಿದ ಹಾಗಾಯಿತು!” ಎಂದರು. ಕೂಡಿದ್ದವರು ನಕ್ಕರು. ನಾನು ಆಗ ಮಾತನಾಡಲಿಲ್ಲ. ಮೌನವು ಸಮ್ಮತಿಯ ಲಕ್ಷಣವೆಂದು ಅವರು ಎಣಿಸಬಾರದಾದುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಮೊದಲು ವಿಷಯವೇನೆಂಬುದನ್ನು ಸ್ವಲ್ಪ ಹೇಳುವೆನು. ಪಾಶ್ಚಾತ್ಯರಲ್ಲಿ ‘ಚೇಂಬರ್ ಆರ್ಕೆಸ್ಟ್ರಾ’ ಎಂಬುದೊಂದು ಬಗೆಯ ಕಿರುವಾದ್ಯವೃಂದವಿದೆ. ಚೇಂಬರ್ ಎಂದರೆ ಕೋಣೆ. ಅರಮನೆಯ ಒಂದು ಹಜಾರದಲ್ಲಿ ಕುಳಿತು ನುಡಿಸುವಷ್ಟು ಮಂದಿಯ ಮೇಳವೆಂಬುದು ಆ ಹೆಸರಿನ ಮೂಲಾರ್ಥ. ದೊಡ್ಡ ವೃಂದಗಳಲ್ಲಿ ಎಂಬತ್ತು ನೂರು ವಾದಕರಿದ್ದರೆ ಇಲ್ಲಿ ಹದಿನೈದರಿಂದ ನಲವತ್ತು ಮಂದಿ ಮಾತ್ರ ಇರುವರು. ಪಿಟೀಲು ಮತ್ತು ಅದರ ಜಾತಿಯ ದೊಡ್ಡ ತಂತಿವಾದ್ಯಗಳು ಮುಖ್ಯವಾದುವು. ಕೊಳಲು, ಕೊಂಬು ಮೊದಲಾದುವು ಅವಶ್ಯಕತೆಗೆ ತಕ್ಕಂತೆ ಸೇರುವುವು. ಈ ಪ್ರಮಾಣವು ನಮ್ಮ ಶಾಸ್ತ್ರಕಾರರಿಗೂ ಅಪರಿಚಿತವಾದುದಲ್ಲ. ಹದಿಮೂರನೆಯ ಶತಮಾನದಲ್ಲಿ ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವನು ಉತ್ತಮವೃಂದದ ಲಕ್ಷಣವನ್ನು ಹೇಳುವಾಗ, ಮುಖ್ಯಗಾಯಕರು 4, ಸಮಗಾಯಕರು 8, ಗಾಯಿಕೆಯರು 12, ಕೊಳಲಿನವರು 4, ಮೃದಂಗದವರು 4, ಹೀಗೆ ಒಟ್ಟು 32 ಮಂದಿಯನ್ನು ಎಣಿಸಿ, ಅದಕ್ಕೆ ಮಿಕ್ಕಿದ ಗುಂಪನ್ನು ಕೋಲಾಹಲವೆಂದೇ ಕರೆದಿರುವನು. ವೃಂದಕ್ಕೆ ಇರತಕ್ಕ ಆರು ಗುಣಗಳನ್ನೂ ಅವನು ಎಣಿಸಿದ್ದಾನೆ. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುವೆನು. ಅದು ‘ಮಿಥಸ್ತ್ರುಟಿತನಿರ್ವಾಹ’. ಒಬ್ಬನಲ್ಲಿ ಎಲ್ಲಿ ತುಂಡಾಯಿತೋ, ಕಡಮೆಯಾಯಿತೋ ಅಲ್ಲಿ ಇನ್ನೊಬ್ಬನು ತುಂಬಿ ನಡೆಯಿಸುವುದು. ಈ ಪದವನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಪ್ರಾರ್ಥನೆ.

ಇನ್ನು ಪೂರ್ವಪಕ್ಷ. ಮಿತ್ರರ ಪರಿಹಾಸದೊಳಗೆ ಮೂರು ಆಕ್ಷೇಪಗಳು ಅಡಗಿವೆ. ಒಂದನೆಯದು, ಸೂಕ್ಷ್ಮವಾದ ಕಲೆಯು ಸಂಸ್ಕಾರವುಳ್ಳ ಶ್ರೋತೃಗಳಿಗಾಗಿ ಹುಟ್ಟಿದ್ದು. ಅದನ್ನು ಕೇರಿಗೆ ಕೊಂಡೊಯ್ಯುವುದು ಅದರ ಹುಟ್ಟುಗುಣಕ್ಕೆ ವಿರುದ್ಧವಾದುದು. ಎರಡನೆಯದು, ಹೀಗೆ ಊರ ಕೆಲಸಕ್ಕೆ ಹೊತ್ತು ಕಳೆದರೆ ಸಾಧನೆ ತಗ್ಗುವುದು, ಸಾಧನೆ ತಗ್ಗಿದರೆ ಕಲೆ ಕೆಡುವುದು. ಮೂರನೆಯದು, ಇವೆಲ್ಲವೂ ಸರಕಾರದವರ ಮತ್ತು ಧನಿಕರ ಕಣ್ಣಿಗೆ ಹಿತವಾಗಿ ಕಾಣಲೆಂದು ಹೂಡಿದ ಪ್ರದರ್ಶನ. ಇವುಗಳನ್ನು ಕ್ರಮವಾಗಿ ಪರಿಶೀಲಿಸೋಣ. ಮೊದಲೆರಡು ನಿಲ್ಲತಕ್ಕುವಲ್ಲ. ಮೂರನೆಯದರಲ್ಲಿ ಸತ್ಯಾಂಶವಿದೆ, ಅದನ್ನು ಬಚ್ಚಿಡುವುದು ನನ್ನ ಉದ್ದೇಶವಲ್ಲ.

ಈ ಬಗೆಯ ಸಂಗೀತವು ಹುಟ್ಟಿದುದು ಎಲ್ಲಿ? ಅರಮನೆಯಲ್ಲಿ ಎನ್ನುವರು. ಅದು ಅರ್ಧಸತ್ಯ. ಇಟಲಿಯ ವೆನಿಸ್ ನಗರದಲ್ಲಿ ‘ಪಿಯೆತಾ’ ಎಂಬ ಅನಾಥಾಲಯವೊಂದಿತ್ತು. ಹೆತ್ತವರು ತೊರೆದ ಶಿಶುಗಳನ್ನು ಅಲ್ಲಿ ಸಾಕುತ್ತಿದ್ದರು. ಗಂಡುಮಕ್ಕಳು ಬೆಳೆದ ಮೇಲೆ ಕೈಕಸುಬು ಕಲಿಯಲು ಹೋಗುವರು. ಹೆಣ್ಣುಮಕ್ಕಳಲ್ಲಿ ಶಕ್ತಿಯುಳ್ಳವರಿಗೆ ಸಂಗೀತವನ್ನು ಕಲಿಸುವರು. 1703ರಲ್ಲಿ ಈ ಅನಾಥಾಲಯಕ್ಕೆ ಪಿಟೀಲಿನ ಉಪಾಧ್ಯಾಯನಾಗಿ ಬಂದವನು ಆಂಟೋನಿಯೊ ವಿವಾಲ್ಡಿ. ಇಂದು ಲೋಕದ ಕಿರುವೃಂದಗಳೆಲ್ಲ ನುಡಿಸುವ ಅವನ ಕೃತಿಗಳಲ್ಲಿ ಅನೇಕವು ಈ ತಬ್ಬಲಿ ಹೆಣ್ಣುಮಕ್ಕಳ ಕೈಬೆರಳುಗಳಿಗಾಗಿ ರಚಿತವಾದುವು. ಅವರು ಚರ್ಚಿನ ಉಪ್ಪರಿಗೆಯಲ್ಲಿ ಜಾಲಂಧ್ರದ ಹಿಂದೆ ಮರೆಯಾಗಿ ಕುಳಿತು ನುಡಿಸುತ್ತಿದ್ದರು. ಕೇಳುವುದಕ್ಕೆ ಯೂರೋಪಿನ ದೂರದೇಶಗಳಿಂದ ಪ್ರಭುಗಳು ಬರುತ್ತಿದ್ದರು. ವಿವಾಲ್ಡಿಯು 1711ರಲ್ಲಿ ಅಚ್ಚು ಹಾಕಿಸಿದ ಹನ್ನೆರಡು ಕೃತಿಗಳ ಸಂಪುಟದಿಂದ ಕೆಲವನ್ನು ಮಹಾತ್ಮನಾದ ಬಾಖನೇ ತನ್ನ ವಾದ್ಯಕ್ಕೆ ಅಳವಡಿಸಿಕೊಂಡನು. ಅನಾಥಾಲಯದಲ್ಲಿ ಬೆಳೆದ ಸಂಗೀತವನ್ನು ಈಗ ಅನಾಥರ ಬಳಿಗೆ ಒಯ್ದರೆ ಮೈಲಿಗೆಯಾಗುವುದೆಂಬುದು ಯಾವ ನ್ಯಾಯ?

ಅರಮನೆಯ ಮಾತನ್ನೂ ನೋಡಿಬಿಡೋಣ. ಹೇಡನ್ ಮಹಾಶಯನು 1761ರಲ್ಲಿ ಎಸ್ಟರ್‌ಹಾಜಿ ಪ್ರಭುಗಳ ಆಸ್ಥಾನವನ್ನು ಸೇರಿದಾಗ ಬರೆದುಕೊಟ್ಟ ಕರಾರಿನಲ್ಲಿ ಏನೇನಿತ್ತು? ಊಳಿಗದವರಂತೆ ಸಮವಸ್ತ್ರ ಧರಿಸಬೇಕು. ದಿನವೂ ಪ್ರಭುವಿನ ಹೊರಕೋಣೆಯಲ್ಲಿ ಕಾದಿದ್ದು ಇಂದು ಸಂಗೀತ ಬೇಕೋ ಬೇಡವೋ ಎಂಬ ಅಪ್ಪಣೆಯನ್ನು ಪಡೆಯಬೇಕು. ರಚಿಸಿದ ಕೃತಿಗಳನ್ನು ಅನ್ಯರಿಗೆ ಕೊಡಕೂಡದು. 1772ರಲ್ಲಿ ಪ್ರಭುವು ತನ್ನ ಬೇಸಗೆಯ ಅರಮನೆಯಲ್ಲಿ ವಾದಕರನ್ನು ಬಹುಕಾಲ ತಡೆದಿಟ್ಟುಕೊಂಡನು. ಹೆಂಡಿರುಮಕ್ಕಳನ್ನು ಅಗಲಿದ್ದ ಅವರ ಪರವಾಗಿ ಹೇಡನ್ ಒಂದು ಕೃತಿಯನ್ನು ರಚಿಸಿದನು. ಅದರ ಕೊನೆಯಲ್ಲಿ ಒಬ್ಬೊಬ್ಬ ವಾದಕನೂ ತನ್ನ ಪಾಲು ಮುಗಿಯುತ್ತಲೇ ದೀಪವನ್ನು ಆರಿಸಿ ಎದ್ದುಹೋಗುವನು. ಕಟ್ಟಕಡೆಗೆ ಎರಡು ಪಿಟೀಲುಗಳು ಮಾತ್ರ ಉಳಿಯುವುವು. ಪ್ರಭುವಿಗೆ ಅರ್ಥವಾಯಿತು. ಅರಸನ ಮುಂದಿರಬೇಡ, ಕುದುರೆಯ ಹಿಂದಿರಬೇಡ ಎಂಬ ನಮ್ಮ ಹಿರಿಯರ ಮಾತು ಆ ದೇಶಕ್ಕೂ ಸಲ್ಲುವುದು. 1790ರಲ್ಲಿ ಪ್ರಭುವು ತೀರಿಕೊಳ್ಳಲು, ಅವನ ಮಗನು ವೃಂದವನ್ನು ವಿಸರ್ಜಿಸಿಬಿಟ್ಟನು. ಮುಂದೆ 1791ರಲ್ಲಿಯೂ 1794ರಲ್ಲಿಯೂ ಹೇಡನ್ ಲಂಡನ್ ನಗರಕ್ಕೆ ಹೋಗಿ, ಹಣ ಕೊಟ್ಟು ಬಂದ ಸಾರ್ವಜನಿಕರ ಮುಂದೆ ತನ್ನ ಕೊನೆಯ ಹನ್ನೆರಡು ಸಿಂಫನಿಗಳನ್ನು ನಡೆಸಿದನು. ಸಿಂಫನಿಯೆಂದರೆ ನಾಲ್ಕು ಭಾಗಗಳುಳ್ಳ ವಿಸ್ತಾರವಾದ ವೃಂದಕೃತಿ. ಅವನ ಸಿಂಫನಿಗಳಲ್ಲಿ ಇವೇ ಶಿಖರಪ್ರಾಯವಾದುವೆಂದು ಬಲ್ಲವರು ಹೇಳುವರು. ಬಾಗಿಲು ಅಗಲವಾದೊಡನೆ ಕಲೆ ಇಳಿಯುವುದಾಗಿದ್ದರೆ ಇವು ಹೇಗೆ ಹುಟ್ಟಿದುವು?

ಎರಡನೆಯ ಆಕ್ಷೇಪಕ್ಕೆ ಬ್ರೇಮೆನ್ ನಗರದ ವೃಂದವೇ ಉತ್ತರ. ಅದರ ಹೆಸರು ಡಾಯ್ಚ ಕಾಮರ್‌ಫಿಲ್ಹಾರ್ಮೊನಿ. 1980ರಲ್ಲಿ ಸಂಗೀತದ ವಿದ್ಯಾರ್ಥಿಗಳು ಕೂಡಿ ಇದನ್ನು ಕಟ್ಟಿದರು. 1987ರಲ್ಲಿ ಇದು ವೃತ್ತಿಪರ ವೃಂದವಾಯಿತು. 1992ರಲ್ಲಿ ಬ್ರೇಮೆನ್ ನಗರದಲ್ಲಿ ನೆಲಸಿತು. ವಾದಕರು ಸುಮಾರು ನಲವತ್ತು ಮಂದಿ. ವಿಶೇಷವೇನೆಂದರೆ, ಆ ವಾದಕರೇ ಸಂಸ್ಥೆಯ ಪಾಲುದಾರರು. ಲಾಭವಾದರೂ ನಷ್ಟವಾದರೂ ಹೊರಬೇಕಾದವರು ಅವರೇ. ಅಭ್ಯಾಸಕ್ಕೆ ಯೋಗ್ಯವಾದ ಸ್ಥಳವು ಬೇಕಾಗಿದ್ದ ಈ ವೃಂದವು 2007ರಲ್ಲಿ ನಗರದ ಪೂರ್ವಭಾಗದ ಒಸ್ಟರ್‌ಹೋಲ್ಟ್ಸ್-ಟೇನೆವರ್ ಎಂಬ ಬಡಾವಣೆಯ ಒಂದು ದೊಡ್ಡ ಶಾಲೆಯೊಳಕ್ಕೆ ಹೋಗಿ ನೆಲಸಿತು. ಆ ಬಡಾವಣೆಯೆಂದರೆ 1970ರ ದಶಕದಲ್ಲಿ ಕಟ್ಟಿದ ಮುಗಿಲೆತ್ತರದ ವಠಾರಗಳ ಸಾಲು. ಅಲ್ಲಿ ವಾಸಿಸುವವರಲ್ಲಿ ಬಡವರೂ ಪರದೇಶಗಳಿಂದ ವಲಸೆ ಬಂದವರೂ ಹೆಚ್ಚು. ಒಳ್ಳೆಯ ಹೆಸರು ಅದಕ್ಕಿರಲಿಲ್ಲ. ಶಾಲೆಯ ಸಭಾಂಗಣವನ್ನು ಧ್ವನಿಶಾಸ್ತ್ರಕ್ಕೆ ಅನುಗುಣವಾಗಿ ತಿದ್ದಿ ಅಭ್ಯಾಸಮಂದಿರವನ್ನಾಗಿ ಮಾಡಿದರು. ಅಂದಿನಿಂದ ಒಂದೇ ಸೂರಿನ ಕೆಳಗೆ ಮಕ್ಕಳ ಪಾಠವೂ ವಾದಕರ ಪಾಠವೂ ನಡೆಯತೊಡಗಿದುವು. ಮಕ್ಕಳೂ ವಾದಕರೂ ಒಂದೇ ಊಟದ ಮನೆಯಲ್ಲಿ ಉಣ್ಣುವರು, ನಡುವಂಕಣದಲ್ಲಿ ಎದುರುಬದುರಾಗುವರು, ಅಭ್ಯಾಸದ ಹೊತ್ತಿನಲ್ಲಿ ಮಕ್ಕಳು ಒಳಗೆ ಬಂದು ವಾದಕರ ನಡುವೆಯೇ ಕುಳಿತು ಕೇಳುವುದುಂಟು.

ಇದರಿಂದ ವೃಂದದ ಕಲೆ ಇಳಿಯಿತೆ? 2004ರಲ್ಲಿ ಪಾವೊ ಯಾರ್ವಿ ಎಂಬ ಎಸ್ಟೋನಿಯ ದೇಶದವರು ಇದಕ್ಕೆ ಕಲಾನಿರ್ದೇಶಕರಾಗಿ ಬಂದರು. ಅವರ ನೇತೃತ್ವದಲ್ಲಿ ಬೇಥೋವನ್ನನ ಒಂಬತ್ತು ಸಿಂಫನಿಗಳನ್ನೂ ವರ್ಷಗಟ್ಟಲೆ ಸಾಧಿಸಿ ಮುದ್ರಿಸಿದರು. 2009ರಲ್ಲಿ ಬೇಥೋವನ್ನನು ಹುಟ್ಟಿದ ಬಾನ್ ನಗರದ ಉತ್ಸವದಲ್ಲಿಯೇ ಆ ಒಂಬತ್ತನ್ನೂ ನುಡಿಸಿ ಲೋಕದ ಮನ್ನಣೆಯನ್ನು ಪಡೆದರು. ಕಾಲವನ್ನು ಗಮನಿಸಬೇಕು. ಅವರು ಶಾಲೆಗೆ ಹೋಗಿ ನೆಲಸಿದುದೂ, ಅವರ ಕೀರ್ತಿಯು ದಿಗಂತವನ್ನು ಮುಟ್ಟಿದುದೂ ಒಂದೇ ಕಾಲದ ಸಂಗತಿಗಳು. ಶಾಲೆಗೆ ಹೋದುದರಿಂದಲೇ ಕೀರ್ತಿ ಬಂದಿತೆಂದು ನಾನು ಹೇಳುವುದಿಲ್ಲ. ಅದು ಕಾಕತಾಳೀಯ ನ್ಯಾಯವಾದೀತು. ಆದರೆ ಶಾಲೆಗೆ ಹೋದರೆ ಕಲೆ ಕೆಡುವುದು ಎಂಬ ವ್ಯಾಪ್ತಿಗೆ ಇಲ್ಲಿ ವ್ಯಭಿಚಾರ ಬಂದಿತಷ್ಟೆ? ಒಂದು ವ್ಯಭಿಚಾರವೇ ವ್ಯಾಪ್ತಿಯನ್ನು ಮುರಿಯಲು ಸಾಕೆಂದು ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲನು.

ಇನ್ನು ಮೂರನೆಯ ಆಕ್ಷೇಪ. ಇಲ್ಲಿ ಮಿತ್ರರಿಗೆ ನಾನು ಅರ್ಧ ಸೋಲನ್ನು ಒಪ್ಪಿಕೊಳ್ಳುವೆನು. ಲೋಕಸೇವೆಯ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮಗಳಲ್ಲಿ ಬಹುಪಾಲು ಪ್ರದರ್ಶನವೇ ಸರಿ. ನಾನೇ ಕಂಡುದನ್ನು ಹೇಳುತ್ತೇನೆ. ನಾನು ಉಪಾಧ್ಯಾಯನಾಗಿದ್ದ ಒಂದು ಶಾಲೆಯಲ್ಲಿ ವರ್ಷಕ್ಕೊಮ್ಮೆ ಶಾರದಾಪೂಜೆಯ ದಿನ ವಿದ್ವಾಂಸರೊಬ್ಬರನ್ನು ಕರೆಸಿ ಹಾಡಿಸುವ ಪದ್ಧತಿಯಿತ್ತು. ಸ್ವಾಗತ, ಅಧ್ಯಕ್ಷರ ಭಾಷಣ, ಅತಿಥಿಗಳ ಭಾಷಣ, ಹಾರತುರಾಯಿಗಳು. ಇವೆಲ್ಲ ಮುಗಿದು ವಿದ್ವಾಂಸರು ಶ್ರುತಿ ಹಿಡಿಯುವ ಹೊತ್ತಿಗೆ ಸಣ್ಣ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿರುವರು. ಅರ್ಧಗಂಟೆ ಹಾಡಿ, ತಾಂಬೂಲವನ್ನು ಪಡೆದು ಅವರು ಹೊರಟುಹೋಗುವರು. ಮರುದಿನ ಕೇಳಿದರೆ ಮಕ್ಕಳ ನೆನಪಿನಲ್ಲಿ ಉಳಿದಿರುತ್ತಿದ್ದುದು ಕೋಸಂಬರಿ ಮಾತ್ರ. ಆದರೂ ವಾರ್ಷಿಕ ವರದಿಯಲ್ಲಿ ‘ಮಕ್ಕಳಲ್ಲಿ ಸಂಗೀತಾಭಿರುಚಿಯನ್ನು ಬೆಳೆಸಲಾಯಿತು’ ಎಂದು ಬರೆಯುತ್ತಿದ್ದೆವು. ಬರೆದ ಕೈ ನನ್ನದೇ.

ಅದೇ ಊರಿನಲ್ಲಿ ಅದೇ ಶಾಲೆಯ ಹಿಂಬದಿಯ ಮನೆಗೆ ಒಮ್ಮೆ ಪಿಟೀಲಿನ ವಿದ್ವಾಂಸರೊಬ್ಬರು ಬಾಡಿಗೆಗೆ ಬಂದರು. ಪ್ರತಿದಿನ ಮಧ್ಯಾಹ್ನ ಕಿಟಕಿಯನ್ನು ತೆರೆದಿಟ್ಟು ಸಾಧನೆಗೆ ಕೂರುವರು. ಒಂದು ವರ್ಣದ ಚಿಟ್ಟೆಸ್ವರದಲ್ಲಿ ಒಂದೆಡೆ ಅವರ ಬೆರಳು ಅವರಿಗೆ ಬೇಕಾದಂತೆ ಬೀಳುತ್ತಿರಲಿಲ್ಲ. ಅಲ್ಲಿ ನಿಲ್ಲಿಸಿ ಹಿಂದಕ್ಕೆ ಹೋಗುವರು, ಮತ್ತೆ ಬರುವರು, ಮತ್ತೆ ನಿಲ್ಲಿಸುವರು. ಹೀಗೆ ಹತ್ತು ಹದಿನೈದು ದಿನ ನಡೆಯಿತು. ನನಗೆ ಪಾಠಕ್ಕೆ ಅಡ್ಡಿಯೆನಿಸಿ ಕಿಟಕಿಯನ್ನು ಮುಚ್ಚಿಸುವ ಯೋಚನೆಯೂ ಬಂದಿತ್ತು. ಒಂದು ದಿನ ಲೆಕ್ಕದ ಪಾಠದ ನಡುವೆ ಐದನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, “ಮೇಷ್ಟ್ರೇ, ಇವತ್ತು ಅವರಿಗೆ ಬಂತು!” ಎಂದನು. ಅವನ ಮನೆಯಲ್ಲಿ ಹಾಡುವವರು ಯಾರೂ ಇಲ್ಲ. ರಾಗದ ಹೆಸರು ಅವನಿಗೆ ತಿಳಿಯದು. ಆದರೆ ಬಾರದಿದ್ದುದು ಬರುವುದೆಂದರೇನು, ಅದಕ್ಕೆ ಎಷ್ಟು ಸಲ ಹಿಂದಕ್ಕೆ ಹೋಗಬೇಕು, ದೊಡ್ಡವರೂ ಹಾಗೆ ಹೋಗುವರು ಎಂಬುದು ಅವನಿಗೆ ತಿಳಿದಿತ್ತು. ನನ್ನ ಮೂವತ್ತು ವರ್ಷಗಳ ಉಪಾಧ್ಯಾಯವೃತ್ತಿಯಲ್ಲಿ ಅದನ್ನು ನಾನು ಎಷ್ಟು ಮಕ್ಕಳಿಗೆ ಕಲಿಸಿದೆನೋ ತಿಳಿಯೆನು. ಆ ವಿದ್ವಾಂಸರು ಕಲಿಸುವ ಉದ್ದೇಶವೇ ಇಲ್ಲದೆ ಒಬ್ಬನಿಗಾದರೂ ಕಲಿಸಿದರು.

ನನ್ನ ವಾದದ ಜೀವಾಳವಿರುವುದು ಇಲ್ಲಿ. ಕಚೇರಿಯಲ್ಲಿ ನಮಗೆ ಕಾಣುವುದು ಸಿದ್ಧವಸ್ತು. ಅಲ್ಲಿ ತಪ್ಪಿಲ್ಲ, ತಿದ್ದುವಿಕೆಯಿಲ್ಲ. ನೋಡುವ ಬಡಮಗುವಿಗೆ ಅದೊಂದು ದೇವಲೋಕ; ನಮಸ್ಕಾರ ಮಾಡಬಹುದು, ಹತ್ತಲಾಗದು. ಅಭ್ಯಾಸದಲ್ಲಿಯಾದರೋ ಮೆಟ್ಟಲುಗಳು ಕಾಣುವುವು. ಲೋಕಪ್ರಸಿದ್ಧನಾದ ವಾದಕನಿಗೂ ನಿರ್ದೇಶಕನು “ಮತ್ತೊಮ್ಮೆ” ಎನ್ನುವನು. ಅವನು ಮುಖ ಸಿಂಡರಿಸದೆ ಅದೇ ನಾಲ್ಕು ಆವರ್ತವನ್ನು ಹತ್ತನೆಯ ಸಲ ನುಡಿಸುವನು. ಪಕ್ಕದವನು ಎಡವಿದರೆ ಇನ್ನೊಬ್ಬನು ಎತ್ತಿಕೊಳ್ಳುವನು. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆಯನ್ನು ನಾವು ಕರಿಹಲಗೆಯ ಮೇಲೆ ಬರೆದು ಕಲಿಸುತ್ತೇವೆ. ಬ್ರೇಮೆನ್ ನಗರದ ಆ ಶಾಲೆಯಲ್ಲಿ ಮಕ್ಕಳು ಅದನ್ನು ಕಣ್ಣಾರೆ ಕಾಣುವರು. ಹಿಂದೆ ನಮ್ಮ ಗುರುಕುಲಗಳಲ್ಲಿಯೂ ವಿದ್ಯೆ ಹತ್ತಿದುದು ಈ ಸಹವಾಸದಿಂದಲೇ ಹೊರತು ವರ್ಷಕ್ಕೊಂದು ಉಪನ್ಯಾಸದಿಂದಲ್ಲ. ಆದುದರಿಂದ ವೃಂದವು ಎಷ್ಟು ಸಮುದಾಯ ಕಾರ್ಯಕ್ರಮಗಳನ್ನು ನಡೆಸಿತು ಎಂಬ ಎಣಿಕೆಯಿಂದ ಫಲವಿಲ್ಲ. ಅದು ಎಲ್ಲಿ ವಾಸಿಸುತ್ತದೆ, ಅದರ ಅಭ್ಯಾಸದ ಕೋಣೆಯ ಬಾಗಿಲು ಯಾರಿಗೆ ತೆರೆದಿದೆ ಎಂದು ಕೇಳಬೇಕು.

ಈ ಮಾತನ್ನು ಹೇಳಿದೊಡನೆ ಇನ್ನೊಂದು ಪಕ್ಷದವರು ಸಂತೋಷದಿಂದ ನನ್ನ ಬೆನ್ನು ತಟ್ಟಲು ಬರುವರು. ಅವರನ್ನೂ ದೂರವಿಡಬೇಕಾಗಿದೆ. ಇವರು ಪ್ರಯೋಜನವಾದಿಗಳು. ಸಂಗೀತವನ್ನು ಕೇಳಿದರೆ ಮಕ್ಕಳಿಗೆ ಗಣಿತದಲ್ಲಿ ಅಂಕ ಹೆಚ್ಚುವುದು, ಬುದ್ಧಿ ಚುರುಕಾಗುವುದು, ಆದಕಾರಣ ಸಂಗೀತಕ್ಕೆ ಹಣ ಕೊಡಬಹುದು ಎನ್ನುವರು. 1993ರಲ್ಲಿ ಅಮೆರಿಕ ದೇಶದ ಮೂವರು ಸಂಶೋಧಕರು ಮೂವತ್ತಾರು ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಟ್ಸಾರ್ಟನ ಕೃತಿಯೊಂದನ್ನು ಕೇಳಿಸಿ ಪರೀಕ್ಷಿಸಲು, ಆಕಾರಗಳನ್ನು ಊಹಿಸುವ ಒಂದು ಬಗೆಯ ಪ್ರಶ್ನೆಗಳಲ್ಲಿ ಅವರು ಸ್ವಲ್ಪ ಮುಂದಾದರೆಂದೂ, ಆ ಪರಿಣಾಮವು ಹತ್ತು ಹದಿನೈದು ನಿಮಿಷಗಳಲ್ಲಿ ಇಳಿದುಹೋಯಿತೆಂದೂ ವರದಿ ಮಾಡಿದರು. ಇಷ್ಟನ್ನೇ ಹಿಡಿದುಕೊಂಡು 1998ರಲ್ಲಿ ಜಾರ್ಜಿಯ ಸಂಸ್ಥಾನದ ಗವರ್ನರರು ಅಲ್ಲಿ ಹುಟ್ಟುವ ಪ್ರತಿಯೊಂದು ಶಿಶುವಿಗೂ ಶಾಸ್ತ್ರೀಯ ಸಂಗೀತದ ಮುದ್ರಿಕೆಯನ್ನು ಹಂಚಬೇಕೆಂದು ಆಯವ್ಯಯದಲ್ಲಿ ಹಣ ಕೇಳಿದರು! ಅನಂತರ ಪರೀಕ್ಷಿಸಿದ ಅನೇಕರಿಗೆ ಆ ಫಲವು ದೊರೆಯಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ. ಅಂಕಕ್ಕಾಗಿ ಸಂಗೀತವೆನ್ನುವವನು, ಅಂಕ ಬಾರದ ದಿನ ಸಂಗೀತದ ಕೊರಳನ್ನು ಒತ್ತುವನು. ಮಗುವಿಗೆ ಸಂಗೀತವನ್ನು ಕೊಡಬೇಕಾದುದು ಅದು ಸಂಗೀತವಾದುದರಿಂದ, ಮಗುವೂ ಮನುಷ್ಯನಾದುದರಿಂದ.

ಮಗುವಿಗೆ ಕೊಡುವಾಗ ಸಂಗೀತವನ್ನು ತೆಳ್ಳಗೆ ಮಾಡಿ ಕೊಡಬೇಕೆಂಬುದೂ ತಪ್ಪು. ಇದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಸಾಕು. ಬೆಂಜಮಿನ್ ಬ್ರಿಟನ್ ಎಂಬ ರಚನಕಾರನು ‘ನೋಯ್ಸ್ ಫ್ಲಡ್’ ಎಂಬ, ನೋಹನ ಪ್ರಳಯದ ಕಥೆಯ ಸಂಗೀತನಾಟಕವನ್ನು ರಚಿಸಿದನು. 18 ಜೂನ್ 1958ರಂದು ಸಫೋಕ್ ಪ್ರಾಂತದ ಓರ್‌ಫರ್ಡ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ ಅದು ಮೊದಲು ನಡೆಯಿತು. ನುರಿತ ವಾದಕರು ಕೆಲವರು; ಉಳಿದವರೆಲ್ಲ ಸುತ್ತಲಿನ ಮಕ್ಕಳು. ಪಿಟೀಲಿನ ಮಕ್ಕಳನ್ನು ಶಕ್ತ್ಯನುಸಾರವಾಗಿ ಮೂರು ಶ್ರೇಣಿ ಮಾಡಿದ್ದನು. ಆಗತಾನೆ ಕಮಾನು ಹಿಡಿದ ಮಗುವಿಗೆ ಬೆರಳಿಡದೆ ಬರಿಯ ತಂತಿಯನ್ನು ಮೀಟುವಂತಹ ಪಾಲು. ವಾದ್ಯವನ್ನೇ ಅರಿಯದ ಮಕ್ಕಳಿಗೆ ದಾರದಲ್ಲಿ ಸಾಲಾಗಿ ತೂಗಹಾಕಿದ ಪಿಂಗಾಣಿಯ ಬಟ್ಟಲುಗಳನ್ನು ಮರದ ಚಮಚದಿಂದ ತಟ್ಟುವ ಪಾಲು. ಪ್ರಳಯದ ಮೊದಲ ಮಳೆಹನಿಗಳ ಸದ್ದು ಆ ಬಟ್ಟಲುಗಳದು. ಮಗುವಿನ ಪಾಲು ಸುಲಭವಾಗಿತ್ತು, ಆದರೆ ಕೃತಿಯು ಅಗ್ಗವಾಗಿರಲಿಲ್ಲ. ಆ ಬಟ್ಟಲಿಲ್ಲದೆ ಅಲ್ಲಿ ಮಳೆಯೇ ಇಲ್ಲ. ಕೆಳಗಿನವನಿಗೆ ಭಿಕ್ಷೆ ಹಾಕುವುದಕ್ಕೂ ಅವನಿಗೆ ಪಂಕ್ತಿಯಲ್ಲಿ ಎಲೆ ಹಾಕುವುದಕ್ಕೂ ಇರುವ ಭೇದವು ಇದರಲ್ಲಿ ಸ್ಪಷ್ಟವಾಗಿದೆ.

ಹಣದ ಮಾತನ್ನು ಬಿಟ್ಟರೆ ಈ ಚರ್ಚೆ ಪ್ರಾಮಾಣಿಕವಾಗದು. ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ ಸೇಂಟ್ ಪಾಲ್ ಚೇಂಬರ್ ಆರ್ಕೆಸ್ಟ್ರಾ ಎಂಬ ವೃಂದವಿದೆ, 1959ರಲ್ಲಿ ಸ್ಥಾಪಿತವಾದುದು. ಈ ವೃಂದವು ಒಂದು ಸಭಾಂಗಣಕ್ಕೆ ಕಟ್ಟುಬೀಳದೆ ಬಡಾವಣೆಗಳ ಚರ್ಚುಗಳಿಗೆ ಹೋಗಿ ಕಚೇರಿ ಮಾಡಿತು. 2005ರಲ್ಲಿ ಟಿಕೆಟ್ಟಿನ ಬೆಲೆಯನ್ನು ಬಹಳವಾಗಿ ತಗ್ಗಿಸಿತು. ಶ್ಲಾಘ್ಯವಾದ ಕೆಲಸ. ಆದರೆ 2012ರ ಅಕ್ಟೋಬರಿನಲ್ಲಿ ವೇತನದ ಒಪ್ಪಂದವು ಕುದುರದೆ, ಆಡಳಿತದವರು ವಾದಕರಿಗೆ ಬಾಗಿಲು ಮುಚ್ಚಿದರು. 2013ರ ಏಪ್ರಿಲ್ ಕೊನೆಯವರೆಗೆ, ಆರು ತಿಂಗಳಿಗೆ ಮೇಲ್ಪಟ್ಟು, ಕಚೇರಿಗಳಿಲ್ಲ. ಕೊನೆಗೆ ಆದ ರಾಜಿಯಲ್ಲಿ ವಾದಕರ ಸಂಖ್ಯೆ 34ರಿಂದ 28ಕ್ಕೆ ಇಳಿಯಿತು, ವೇತನವೂ ಕಡಮೆಯಾಯಿತು. ಟಿಕೆಟ್ಟನ್ನು ಅಗ್ಗ ಮಾಡಿದುದೇ ಇದಕ್ಕೆ ಕಾರಣವೆಂದು ನಾನು ಹೇಳೆನು. ಆ ಕಾಲದಲ್ಲಿ ಅಮೆರಿಕದ ಬೇರೆ ವೃಂದಗಳಿಗೂ ಇಂತಹ ಸಂಕಟ ಬಂದಿತ್ತು. ಆದರೂ ಇದರಿಂದ ಕಲಿಯಬೇಕಾದುದೊಂದಿದೆ. ಊರಿಗೆ ಉದಾರವಾಗಿರುವ ಸಂಸ್ಥೆಯು ತನ್ನ ವಾದಕನಿಗೂ ಉದಾರವಾಗಿರಬೇಕು. ಊರಿಗೆ ಬಡಿಸುವ ಅನ್ನವನ್ನು ವಾದಕನ ಎಲೆಯಿಂದ ತೆಗೆಯಲಾಗದು. ಆ ಭಾರವನ್ನು ಹೊರಬೇಕಾದವರು ಶಕ್ತಿವಂತರಾದ ಪೌರರು, ನಗರಸಭೆ, ಸರಕಾರ. ಸೇಂಟ್ ಪಾಲಿನವರು ಬಿದ್ದಲ್ಲಿಯೇ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. 2015ರಲ್ಲಿ ಅವರ ಕಚೇರಿಗಳಿಗೆಂದು ಹೊಸ ಸಭಾಂಗಣವೊಂದು ತೆರೆಯಿತು. ಮರುವರ್ಷದಿಂದ ಮಕ್ಕಳಿಗೂ ವಿದ್ಯಾರ್ಥಿಗಳಿಗೂ ಉಚಿತ ಪ್ರವೇಶವನ್ನು ಕೊಡತೊಡಗಿದರು.

“ಅದೆಲ್ಲ ಅವರ ಸಂಗೀತ, ಅವರ ದೇಶ, ನಮ್ಮ ಪತ್ರಿಕೆಗೆ ಅದರ ಗೊಡವೆ ಏಕೆ?” ಎಂದು ಕೇಳುವವರೂ ಇರಬಹುದು. ನಮ್ಮ ವಿದ್ವಾಂಸರ ಎದೆಯ ಮೇಲೆ ಕುಳಿತಿರುವ ಪಿಟೀಲು ಎಲ್ಲಿಂದ ಬಂದಿತು? ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಬಾಲುಸ್ವಾಮಿ ದೀಕ್ಷಿತರೇ ಮೊದಲಾದವರು ಯೂರೋಪಿಯನ್ನರಿಂದ ಕಲಿತು ಅದನ್ನು ನಮ್ಮದನ್ನಾಗಿ ಮಾಡಿಕೊಂಡರು. ಆ ಪಿಟೀಲಿಗೆ ಏಳು ತಂತಿ ಕಟ್ಟಿದವರು ನಮ್ಮ ಮೈಸೂರಿನ ಚೌಡಯ್ಯನವರು. ಶ್ರೀ ಜಯಚಾಮರಾಜ ಒಡೆಯರವರು ಕರ್ಣಾಟಕ ಸಂಗೀತದಲ್ಲಿ ಸ್ವತಃ ಕೃತಿಗಳನ್ನು ರಚಿಸಿದವರು; ಅವರೇ ಲಂಡನ್ನಿನ ಫಿಲ್ಹಾರ್ಮೊನಿಯ ವೃಂದದ ಸಂಘಕ್ಕೆ ಮೊದಲ ಅಧ್ಯಕ್ಷರೂ ಆಗಿದ್ದರು. 22 ಮೇ 1950ರಂದು ಆ ವೃಂದವು ಜರ್ಮನಿಯ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಹಾಡುಗಳನ್ನು ಲಂಡನ್ನಿನಲ್ಲಿ ಮೊದಲ ಬಾರಿಗೆ ನಡೆಸಿದಾಗ, ಅದಕ್ಕೆ ಹಣದ ಹೊಣೆ ನಿಂತವರು ಅವರೇ. ಮೈಸೂರಿನ ಬೊಕ್ಕಸದಿಂದ ಲಂಡನ್ನಿಗೆ ಸಂಗೀತ ಹೋದ ಮೇಲೆ, ಬ್ರೇಮೆನ್ನಿನಿಂದ ನಮಗೊಂದು ಬುದ್ಧಿ ಬರಬಾರದೆ?

ಈಗ ಸಿದ್ಧಾಂತವನ್ನು ಹೇಳಿ ಮುಗಿಸುವೆನು. ಕಚೇರಿ ಬೇರೆ, ಕೇರಿ ಬೇರೆ ಎಂಬುದು ಮಿತ್ರರ ಪಕ್ಷ. ಕೇರಿಗೆ ಉಪಯೋಗವಾದರೆ ಮಾತ್ರ ಕಚೇರಿ ಎಂಬುದು ಪ್ರಯೋಜನವಾದಿಗಳ ಪಕ್ಷ. ಇವೆರಡೂ ಗ್ರಾಹ್ಯವಲ್ಲ. ವೃಂದದ ಮೊದಲ ಧರ್ಮವು ಚೆನ್ನಾಗಿ ನುಡಿಸುವುದು, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಆ ಚೆನ್ನಾಗುವಿಕೆಯು ಯಾರ ಕಣ್ಣ ಮುಂದೆ ಆಗಬೇಕೆಂಬುದು ವೃಂದದ ಕೈಯಲ್ಲಿದೆ. ಅದು ಮಕ್ಕಳ ಕಣ್ಣ ಮುಂದೆ ಆಗಲಿ. ಶಾರ್ಙ್ಗದೇವನು ಹೇಳಿದ ಮಿಥಸ್ತ್ರುಟಿತನಿರ್ವಾಹವು ವಾದಕ ವಾದಕರ ನಡುವೆ ನಿಂತುಬಿಡಬೇಕೆಂಬ ನಿಯಮವೇನೂ ಇಲ್ಲ. ಬ್ರೇಮೆನ್ನಿನ ವೃಂದಕ್ಕೆ ಮನೆ ಬೇಕಾಗಿತ್ತು, ಶಾಲೆಗೆ ಮಾನ ಬೇಕಾಗಿತ್ತು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು. ಇದರಲ್ಲಿ ದಾನಿ ಯಾರು, ದಾನ ಪಡೆದವರು ಯಾರು ಎಂದು ವಿಂಗಡಿಸುವುದು ಸಾಧ್ಯವಿಲ್ಲ.

ಸಂಘದ ಮುಂದೆ ನನ್ನದೊಂದು ಸೂಚನೆಯಿದೆ. ನಮ್ಮ ವಾರ್ಷಿಕ ಕಾರ್ಯಕ್ರಮಗಳ ಪಟ್ಟಿಯು ವರ್ಷ ವರ್ಷಕ್ಕೆ ಉದ್ದವಾಗುತ್ತಿದೆ. ಅದರಲ್ಲಿ ಶಾಲೆಗಳಿಗೆ ಒಂದು ದಿನ ಭೇಟಿ ಕೊಡುವ ಸಮಾರಂಭಗಳೂ ಇವೆ. ಆ ಸಮಾರಂಭಗಳಲ್ಲಿ ಒಂದನ್ನು ಬಿಡೋಣ. ಹಾರ, ಶಾಲು, ಫಲಕಗಳ ವೆಚ್ಚ ಉಳಿಯಲಿ. ಅದರ ಬದಲು, ನಮ್ಮ ಊರಿನಲ್ಲಿ ವಾರಕ್ಕೊಮ್ಮೆ ಕೂಡಿ ಸಾಧನೆ ಮಾಡುವ ವೀಣೆ ಪಿಟೀಲುಗಳ ಗೋಷ್ಠಿಯವರಿಗೆ, ಖಾಸಗಿ ಮನೆಯ ಮಹಡಿಗೆ ಬದಲಾಗಿ ಯಾವುದಾದರೊಂದು ಶಾಲೆಯ ಕೊಠಡಿಯನ್ನು ವರ್ಷವಿಡೀ ಗೊತ್ತುಮಾಡಿಕೊಡೋಣ. ಅವರ ಹೊತ್ತಿಗೆ ಸಲ್ಲತಕ್ಕ ಸಂಭಾವನೆಯನ್ನು ಸಲ್ಲಿಸೋಣ. ಭಾಷಣ ಬೇಡ, ಸ್ವಾಗತ ಬೇಡ. ಬಾಗಿಲು ತೆರೆದಿರಲಿ, ಅಷ್ಟೇ ಸಾಕು. ಬರುವ ಮಗು ಬರಲಿ, ಹೋಗುವ ಮಗು ಹೋಗಲಿ. ಮಿತ್ರರು ಬಲ್ಲವರು, ಆ ಗೋಷ್ಠಿಯಲ್ಲಿ ಅವರದೇ ಅಗ್ರಸ್ಥಾನ. ಮೊದಲ ವಾರ ಅವರೇ ಬಂದು ಕುಳಿತು, ತಮಗೆ ಇನ್ನೂ ಸರಿಯಾಗಿ ಕೈಗೂಡದ ಒಂದು ಸಂಗತಿಯನ್ನು ಆರಿಸಿಕೊಂಡು ಸಾಧಿಸಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇನೆ. ಕಿಟಕಿಯ ಬಳಿ ನಾನು ಕುಳಿತಿರುವೆನು. ಅವರಿಗೆ ಅದು ಬಂದ ದಿನ, ಹೇಳುವುದಕ್ಕೆ ಒಬ್ಬ ಹುಡುಗನು ಎದ್ದು ನಿಲ್ಲುವನೆಂದು ನಾನು ನಂಬಿದ್ದೇನೆ.